ಬಾಣಂತಿ ಊಟದ ವ್ಯಾನು

ಮಕ್ಕಳೇ, ಅಜ್ಜಿ ಬೋಲಿಂಗ್‌ಬ್ರೂಕಿನ ಮನೆ ಬಿಟ್ಟು ನಿಮ್ಮ ಮನೆಗೆ ಯಾಕೆ ಬಂದಳು ಎಂದು ನೀವಿಬ್ಬರೂ ಕೇಳಿದ್ದೀರಿ. ನಾನು ಒಂದು ಸಲ ಮೊಣಕಾಲು ನೋವು ಎಂದೆ, ಇನ್ನೊಂದು ಸಲ ಚಳಿ ಎಂದೆ. ಇಲ್ಲಿ ಕ್ಯಾಂಟನ್ನಿನಲ್ಲೇನು ಚಳಿ ಕಡಿಮೆಯೇ ಎಂದು ದೊಡ್ಡವಳು ನಕ್ಕುಬಿಟ್ಟಳು. ಪೊಲೀಸರು ಅಜ್ಜಿಯ ವ್ಯಾನ್ ಕಿತ್ತುಕೊಂಡರಂತೆ, ಅದಕ್ಕೇ ಕೆಲಸ ನಿಂತಿತಂತೆ ಎಂದು ನಿಮ್ಮ ಅಮ್ಮ ಯಾರಿಗೋ ಫೋನಿನಲ್ಲಿ ಹೇಳಿದ್ದು ನಿಮ್ಮ ಕಿವಿಗೂ ಬಿದ್ದಿದೆ. ಅದು ಪೂರ್ತಿ ನಿಜವಲ್ಲ. ಎದುರಿಗೆ ಕೂತು ಹೇಳುವುದು ನನ್ನಿಂದ ಆಗುವುದಿಲ್ಲ, ಆದ್ದರಿಂದ ಬರೆಯುತ್ತಿದ್ದೇನೆ. ನಾನು ಓದಿದ್ದು ನಮ್ಮೂರ ಶಾಲೆಯಲ್ಲಿ, ಏಳನೆಯ ಕ್ಲಾಸಿನವರೆಗೆ. ತಪ್ಪಿದ್ದರೆ ನಿಮ್ಮ ಅಮ್ಮ ತಿದ್ದಲಿ.

ನಿಮ್ಮ ತಾತನನ್ನು ಅವರ ಅಕ್ಕ ಅರ್ಜಿ ಹಾಕಿ ಈ ದೇಶಕ್ಕೆ ಕರೆಸಿದಾಗ ನಿಮ್ಮ ಅಮ್ಮನಿಗೆ ಹದಿನೈದು ವರ್ಷ. ತಾತ ಚಿಕಾಗೋ ಪಕ್ಕದ ಬೋಲಿಂಗ್‌ಬ್ರೂಕಿನ ಒಂದು ಗೋದಾಮಿನಲ್ಲಿ ಪೆಟ್ಟಿಗೆ ಎತ್ತಿಡುವ ಕೆಲಸಕ್ಕೆ ಸೇರಿದರು. ನಾನು ಮನೆಯಲ್ಲಿರುತ್ತಿದ್ದೆ. ಇಂಗ್ಲಿಷ್ ಬಾರದು, ಡ್ರೈವ್ ಮಾಡಲು ಬಾರದು, ಬಾಗಿಲು ತಟ್ಟಿದರೆ ತೆಗೆಯಲೂ ಹೆದರಿಕೆ. ಆಗ ಎದುರು ಸಾಲಿನ ಮನೆಯಲ್ಲಿ ಒಬ್ಬ ಹುಡುಗಿಗೆ ಹೆರಿಗೆಯಾಯಿತು. ಅವಳ ತಾಯಿಗೆ ವೀಸಾ ಸಿಕ್ಕಿರಲಿಲ್ಲ. ಎಳೆ ಬಾಣಂತಿ ಬ್ರೆಡ್ಡು ತಿಂದುಕೊಂಡು ಮಗುವಿಗೆ ಹಾಲೂಡಿಸುತ್ತಿದ್ದಾಳೆ ಎಂದು ತಿಳಿದು, ನಾನು ಮೆಣಸಿನ ಸಾರು, ಸಬ್ಬಸಿಗೆ ಸೊಪ್ಪಿನ ಪಲ್ಯ, ಬೆಳ್ಳುಳ್ಳಿ ಹುರಿದ ತುಪ್ಪ, ಮೆತ್ತಗಿನ ಅನ್ನ ಮಾಡಿ ಕೊಟ್ಟುಬಂದೆ. ಮಾತಾಡಲು ನಾಚಿಕೆಯಾಗಿ ಕ್ಯಾರಿಯರನ್ನು ಬಾಗಿಲ ಬಳಿ ಇಟ್ಟು ಓಡಿಬಂದಿದ್ದೆ.

ಅಲ್ಲಿಂದ ಶುರುವಾದದ್ದು ನಿಲ್ಲಲಿಲ್ಲ. ಪಕ್ಕದ ಊರು ವುಡ್‌ರಿಡ್ಜ್‌ನಿಂದ ಒಬ್ಬರು, ಅವರ ಸ್ನೇಹಿತೆ ಇನ್ನೊಬ್ಬರು ಎಂದು ಒಂದು ಹೊತ್ತಿಗೆ ಒಂಬತ್ತು ಮನೆ ಆದವು. ಒಬ್ಬೊಬ್ಬ ಬಾಣಂತಿಗೆ ಮೂರು ತಿಂಗಳು. ಕೊನೆಯಲ್ಲಿ ಒಂದು ಡಬ್ಬಿ ಅಂಟಿನುಂಡೆ. ತಾತ ರಾತ್ರಿ ಪಾಳಿ ಮುಗಿಸಿ ಬಂದು ಸ್ನಾನ ಮಾಡಿ, ಹಳೆಯ ವ್ಯಾನಿನಲ್ಲಿ ಕ್ಯಾರಿಯರ್‌ಗಳನ್ನು ಹಂಚಿ ಬಂದು ಆಮೇಲೆ ಮಲಗುತ್ತಿದ್ದರು. ಹಿಂದಿನ ಸೀಟುಗಳನ್ನು ಕಿತ್ತು, ಹಲಗೆಯಲ್ಲಿ ಗೂಡುಗಳನ್ನು ಮಾಡಿದ್ದರು. ಸಾರು ತುಳುಕುತ್ತಿರಲಿಲ್ಲ.

ಅವರು ತೀರಿಕೊಂಡಾಗ ನಿಮ್ಮ ಅಮ್ಮ ಆಗಲೇ ಕ್ಯಾಂಟನ್ ಸೇರಿದ್ದಳು. ನನ್ನ ಜೊತೆ ಬಂದುಬಿಡಮ್ಮ ಎಂದಳು. ನಾನು ಬರಲಿಲ್ಲ. ಐದು ಮನೆಯ ಬಾಣಂತಿಯರು ನಡುವಿನಲ್ಲಿದ್ದರು, ಅವರದ್ದು ಮುಗಿಯಲಿ ಎಂದೆ. ಅವರದ್ದು ಮುಗಿಯುವಷ್ಟರಲ್ಲಿ ಬೇರೆಯವರು ಬಂದರು. ನಿಜ ಹೇಳಬೇಕೆಂದರೆ, ಒಂದು ಊರಿನಲ್ಲಿ ನನ್ನ ಕೈ ಊಟಕ್ಕೆ ಕಾಯುವವರು ಇದ್ದಾರೆ ಎನ್ನುವುದು ನನಗೆ ಜೀವನದಲ್ಲಿ ಮೊದಲ ಸಲ ಸಿಕ್ಕಿತ್ತು. ಅದು ಹೋಗಬಾರದು ಎನ್ನುವುದಷ್ಟೇ ನನ್ನ ಆಸೆಯಾಗಿತ್ತು. ಅದು ಉಳಿಯಲು ವ್ಯಾನ್ ಓಡಬೇಕಿತ್ತು.

ಓಡಿಸಲು ಒಬ್ಬರು ಸಿಕ್ಕಿದರು. ತಾತನ ಜೊತೆ ಗೋದಾಮಿನಲ್ಲಿ ಕೆಲಸ ಮಾಡುತ್ತಿದ್ದ ಮಂಡ್ಯದ ಕಡೆಯವನು. ತಾತನನ್ನು ಅಣ್ಣ ಎನ್ನುತ್ತಿದ್ದ, ನನ್ನನ್ನು ಅತ್ತಿಗಮ್ಮ ಎನ್ನುತ್ತಿದ್ದ. ಸ್ವಂತ ಮೈದುನ ಅಲ್ಲದಿದ್ದರೂ ನಾನೂ ಅವನನ್ನು ಹಾಗೇ ತಿಳಿದಿದ್ದೆ, ಇಲ್ಲಿಯೂ ಮೈದುನ ಎಂದೇ ಬರೆಯುತ್ತೇನೆ. ನಲವತ್ತೈದು ದಾಟಿತ್ತು. ಹೆಂಡತಿ ಬಿಟ್ಟುಹೋಗಿದ್ದಳು. ದುಡ್ಡು ಕೊಡಲು ಹೋದರೆ, "ಬೇಡಿ ಅತ್ತಿಗಮ್ಮ, ಮಧ್ಯಾನ್ಕೆ ಒಂದ್ ಮುದ್ದೆ ಹಾಕಿ ಸಾಕು" ಎನ್ನುತ್ತಿದ್ದ. ಅವನು ನಮ್ಮ ಮನೆಗೆ ಎರಡು ಮೈಲಿ ನಡೆದುಕೊಂಡೇ ಬರುತ್ತಿದ್ದ, ಹಿಮ ಬಿದ್ದ ದಿನವೂ. ಅವನ ಕಾರು ಎಲ್ಲಿ ಎಂದು ನಾನು ಒಂದು ದಿನವೂ ಕೇಳಲಿಲ್ಲ. ಪೆಟ್ರೋಲು ಉಳಿಸುತ್ತಾನೆ ಅಂದುಕೊಂಡೆ.

ಮಾರ್ಚ್ ತಿಂಗಳು, ರಸ್ತೆ ಬದಿಯ ಹಿಮ ಕಪ್ಪಾಗಿ ಕರಗುತ್ತಿದ್ದ ದಿನಗಳು. ಬೆಳಿಗ್ಗೆ ಕ್ಯಾರಿಯರ್ ತುಂಬಿಕೊಂಡು ಹೋದವನು ಮಧ್ಯಾಹ್ನಕ್ಕೆ ಬರಲಿಲ್ಲ. ವುಡ್‌ರಿಡ್ಜ್‌ನ ಹುಡುಗಿ ಫೋನ್ ಮಾಡಿ, "ಆಂಟಿ, ಊಟ ಇನ್ನೂ ಬಂದಿಲ್ಲ" ಎಂದಳು. ಸಂಜೆ ನಾಲ್ಕಕ್ಕೆ ಅವನು ಬಂದ, ನಡೆದುಕೊಂಡೇ. ಒಳಗೆ ಬರಲಿಲ್ಲ. ಚಪ್ಪಲಿ ಬಿಡುವ ಜಾಗದಲ್ಲಿ ಗೋಡೆಗೆ ಒರಗಿ ನಿಂತ.

"ಅತ್ತಿಗಮ್ಮ, ವ್ಯಾನ್ ಹೋಯ್ತು."

"ಅಯ್ಯೋ, ಆಕ್ಸಿಡೆಂಟಾ? ನಿಂಗೇನಾಯ್ತು?"

"ನಂಗೇನೂ ಆಗಿಲ್ಲ. ತಗೊಂಡ್ರು. ಪೊಲೀಸ್ನೋರು."

"ಯಾಕಪ್ಪ? ಏನ್ ಮಾಡ್ದೆ?"

ಅವನು ನೆಲ ನೋಡಿಕೊಂಡು ಹೇಳಿದ. ಹಿಂದಿನ ವರ್ಷ ಕುಡಿದು ಕಾರು ಓಡಿಸಿ ಸಿಕ್ಕಿಬಿದ್ದಿದ್ದನಂತೆ. ಆಗಲೇ ಅವನ ಲೈಸೆನ್ಸ್ ತಡೆಹಿಡಿದಿದ್ದರಂತೆ. ಅವತ್ತು ಕುಡಿದಿರಲಿಲ್ಲ, ವೇಗವಾಗಿಯೂ ಹೋಗಿರಲಿಲ್ಲ. ಹಿಂದಿನ ದೀಪ ಒಂದು ಉರಿಯುತ್ತಿಲ್ಲ ಎಂದು ನಿಲ್ಲಿಸಿದ ಪೊಲೀಸಿನವನು ಲೈಸೆನ್ಸ್ ನೋಡಿ, ಅವನನ್ನು ಠಾಣೆಗೆ ಕರೆದೊಯ್ದು ಮಧ್ಯಾಹ್ನದ ಮೇಲೆ ಬಿಟ್ಟಿದ್ದ. ವ್ಯಾನನ್ನು ಬಿಡಲಿಲ್ಲ. ಅಂಥವನು ಓಡಿಸಿದ ಗಾಡಿಯನ್ನು ಸರ್ಕಾರ ತನ್ನದಾಗಿ ಮಾಡಿಕೊಳ್ಳಬಹುದು ಎಂದು ಇಲ್ಲಿ ಕಾನೂನು ಇದೆಯಂತೆ.

"ಮೊದ್ಲೇ ಯಾಕ್ ಹೇಳ್ಲಿಲ್ಲ?"

"ನಿಮ್ಮತ್ರ ಹೆಂಗ್ ಹೇಳೋದು ಅತ್ತಿಗಮ್ಮ? ಅಣ್ಣ ಇದ್ದಿದ್ರೆ ಕಪಾಳಕ್ಕೆ ಹೊಡ್ದಿರೋರು."

"ತಪ್ಪು ಮಾಡಿದ್ದು ನೀನು. ನಿನ್ನನ್ನು ಬಿಟ್ಟಿದಾರೆ. ವ್ಯಾನ್ ಏನ್ ತಪ್ಪು ಮಾಡ್ತು?"

"ಅದನ್ನೇ ನಾನೂ ಕೇಳ್ದೆ. ನಕ್ರು."

ನಮ್ಮೂರಿನಲ್ಲಿ ದೀಪವಿಲ್ಲದ ಸೈಕಲ್ಲನ್ನು ಪೊಲೀಸರು ಹಿಡಿದರೆ, ಮಾರನೆಯ ದಿನ ದಂಡ ಕಟ್ಟಿ ಬಿಡಿಸಿಕೊಂಡು ಬರುತ್ತಿದ್ದರು. ಇದೂ ಹಾಗೇ ಇರಬಹುದು, ದಂಡದ ಚೀಟಿ ಬರಲಿ, ಕಟ್ಟಿದರಾಯಿತು ಎಂದುಕೊಂಡೆ. ಚೀಟಿಗಾಗಿ ಕಾದೆ. ಚೀಟಿ ಬಂದಿತ್ತು. ನಾನೇ ತೆಗೆದಿಟ್ಟಿದ್ದೆ, ಒಡೆಯದೆ.

ಇದನ್ನು ಓದಿ ನೀವು ನಗುತ್ತೀರಿ. ನಕ್ಕರೆ ನಗಿ. ವ್ಯಾನ್ ತಾತನ ಹೆಸರಿನಲ್ಲೇ ಇತ್ತು. ಬದಲಾಯಿಸಬೇಕು ಎಂದು ನಿಮ್ಮ ಅಮ್ಮ ಎರಡು ಸಲ ಹೇಳಿದ್ದಳು, ನಾನು ಆಗಲಿ ಆಗಲಿ ಎಂದು ಮುಂದೆ ಹಾಕಿದ್ದೆ. ಹಾಗಾಗಿ ಕಾಗದವೆಲ್ಲ ಅವರ ಹೆಸರಿಗೇ ಬಂತು. ಅವರ ಹೆಸರಿನ ಕಾಗದವನ್ನು ನಾನು ಒಡೆದವಳೇ ಅಲ್ಲ. ನಮ್ಮ ತಾಯಿಯ ಮನೆಯಲ್ಲಿ ಹಾಗೇ ಇತ್ತು, ಗಂಡಸರಿಗೆ ಬಂದ ಕಾಗದವನ್ನು ಗೂಡಿನಲ್ಲಿ ಇಡುವುದು, ಅವರು ಬಂದು ಒಡೆಯುವುದು. ತಾತ ಹೋದಮೇಲೂ ಅವರ ಹೆಸರಿಗೆ ಬರುತ್ತಿದ್ದ ಬ್ಯಾಂಕಿನವರ, ವಿಮೆಯವರ, ಅಂಗಡಿಯವರ ಕಾಗದಗಳನ್ನೆಲ್ಲ ಅವರ ಫೋಟೋ ಕೆಳಗಿನ ಬುಟ್ಟಿಯಲ್ಲಿ ಹಾಕುತ್ತಿದ್ದೆ. ನಿಮ್ಮ ಅಮ್ಮ ಮೂರು ತಿಂಗಳಿಗೊಮ್ಮೆ ಬಂದು ಹರಿದು ಎಸೆಯುತ್ತಿದ್ದಳು.

ಒಂದು ದಿನ ಪೋಸ್ಟಿನವನು ಸಹಿ ಬೇಕು ಎಂದು ಬಾಗಿಲಿಗೇ ಬಂದ. ಅವರ ಹೆಸರು ಓದಿ, ಇದ್ದಾರೆಯೇ ಎಂದು ಕೇಳಿದ. ಹೊಸ್ತಿಲಲ್ಲಿ ನಿಂತು ಸತ್ತಿದ್ದಾರೆ ಎನ್ನಲು ಬಾಯಿ ಬರಲಿಲ್ಲ.

"ನಾಟ್ ಹೋಮ್" ಎಂದೆ.

ಯಾವಾಗ ಬರುತ್ತಾರೆ ಎಂದು ಕೇಳಿದ. "ಐ ಡೋಂಟ್ ನೋ" ಎಂದೆ. ಅವನು ಒಂದು ಹಳದಿ ಚೀಟಿ ಅಂಟಿಸಿ ಹೋದ. ಅದನ್ನೂ ಬುಟ್ಟಿಗೆ ಹಾಕಿದೆ.

ಅಷ್ಟರಲ್ಲಿ ಊಟದ ಕೆಲಸ ಬಿಜಾಪುರದ ತಂಗಿಯ ಕಾರಿನಲ್ಲಿ ನಡೆಯುತ್ತಿತ್ತು. ಅವರೂ ಸ್ವಂತ ತಂಗಿಯಲ್ಲ. ಬಿಜಾಪುರದ ಮುಸಲ್ಮಾನರು, ನಮ್ಮ ಸಾಲಿನಲ್ಲಿಯೇ ಮನೆ. ಗಂಡ ಹೆಂಡತಿ ಸೇರಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದರು. ಅವರ ಸೊಸೆಗೆ ನಾನು ಬಾಣಂತಿ ಊಟ ಮಾಡಿಕೊಟ್ಟಿದ್ದೆ. ಅಂಗಡಿ ಹತ್ತಕ್ಕೆ ತೆರೆಯಬೇಕು, ಅದಕ್ಕೆ ಮುಂಚೆ ಎಲ್ಲ ಮನೆ ಮುಗಿಸಬೇಕು. ಹಾಗಾಗಿ ನಾನು ಮೂರೂವರೆಗೆ ಎದ್ದು ಒಲೆ ಹಚ್ಚುತ್ತಿದ್ದೆ. ಕಾರಿನಲ್ಲಿ ಗೂಡುಗಳಿಲ್ಲ. ಸಾರಿನ ಕ್ಯಾರಿಯರ್‌ಗಳನ್ನು ತೊಡೆಯ ಮೇಲೆ, ಕಾಲಿನ ನಡುವೆ ಹಿಡಿದು ಕೂರುತ್ತಿದ್ದೆ. ಒಂದು ತಿರುವಿನಲ್ಲಿ ಬಿಸಿ ಸಾರು ಮೊಣಕಾಲಿನ ಮೇಲೆ ಚೆಲ್ಲಿತು. ಆ ಕಲೆಯನ್ನು ನೀವು ನೋಡಿದ್ದೀರಿ.

"ಅಕ್ಕಾರ, ಇವತ್ತ ಏಳ ಮನಿ ಅದಾವೇನ್ರಿ?" ಎಂದು ಒಂದು ದಿನ ತಂಗಿ ಕೇಳಿದರು.

"ಐದೇ."

"ನಿನ್ನಿ ಏಳ ಇದ್ವಲ್ರಿ."

ಅವರೇ ಆಮೇಲೆ ತಿಳಿದುಕೊಂಡು ಬಂದು ಹೇಳಿದರು. ಹೆಂಗಸರ ವಾಟ್ಸಾಪ್ ಗುಂಪಿನಲ್ಲಿ ಯಾರೋ ಬರೆದಿದ್ದರಂತೆ, ಆಂಟಿಯ ವ್ಯಾನು ಪೊಲೀಸ್ ಕೇಸಿನಲ್ಲಿ ಹೋಗಿದೆ, ಡ್ರಗ್ಸ್ ಇತ್ತೋ ಏನೋ, ವೀಸಾದಲ್ಲಿ ಇರುವವರು ಹುಷಾರು ಎಂದು. ಒಬ್ಬ ಹುಡುಗಿ ನನಗೆ ಫೋನ್ ಮಾಡಿ, "ನಮ್ಮ ಅತ್ತೆ ಬರ್ತಿದಾರೆ ಆಂಟಿ, ಇನ್ಮೇಲೆ ಬೇಡ" ಎಂದಿದ್ದಳು. ನಾನು ಸಂತೋಷಪಟ್ಟೆ. ಅತ್ತೆ ಯಾರೂ ಬರಲಿಲ್ಲ. ಇನ್ನೊಬ್ಬಳು, ಕ್ಯಾರಿಯರ್ ಬಾಗಿಲಿಗೆ ತರಬೇಡಿ, ಬಡಾವಣೆಯ ಗೇಟಿನ ಹತ್ತಿರ ನಾವೇ ಬಂದು ತೆಗೆದುಕೊಳ್ಳುತ್ತೇವೆ ಎಂದಳು. ಅವಳ ಗಂಡ ಕಾರಿನಿಂದ ಇಳಿಯದೆ, ಗಾಜು ಇಳಿಸಿ ಕೈ ಚಾಚಿದ. ಅವರಿಗೆ ನನ್ನ ಮೇಲೆ ಕೋಪವೇನೂ ಇರಲಿಲ್ಲ, ಹೆದರಿಕೆಯಿತ್ತು. ನನ್ನ ಹೆದರಿಕೆಗಿಂತ ಅವರದು ಹೆಚ್ಚೇ ಇತ್ತು. ನನ್ನದು ವ್ಯಾನ್ ಹೋಗಿತ್ತು, ಅವರಿಗೆ ದೇಶವೇ ಹೋಗಬಹುದಿತ್ತು.

ಮೈದುನ ಬರುವುದನ್ನು ನಿಲ್ಲಿಸಿದ. ಒಂದು ಸಲ ಅಂಗಡಿಯಲ್ಲಿ ಕಂಡು, ತರಕಾರಿ ಬುಟ್ಟಿಯನ್ನು ಅಲ್ಲೇ ಬಿಟ್ಟು ಹೊರಟುಹೋದ. ನಾನು ಕರೆಯಬಹುದಿತ್ತು. ನಾಲ್ಕು ಜನರೆದುರು ಕೂಗಿ ಕರೆಯುವುದು ನನ್ನಿಂದಾಗದು.

ಜೂನಿನಲ್ಲಿ ನಿಮ್ಮ ಅಮ್ಮ ನಿಮ್ಮನ್ನು ಕರೆದುಕೊಂಡು ಬಂದಳು. ಬುಟ್ಟಿ ತೆಗೆದವಳು ನೆಲದ ಮೇಲೆ ಕೂತುಬಿಟ್ಟಳು.

"ಅಮ್ಮಾ, ಇದೇನಿದು? ಕೋರ್ಟಿಂದ ಬಂದಿದೆ. ನಾಲ್ಕು ಕಾಗದ! ಒಂದನ್ನಾದ್ರೂ ತೆಗ್ದು ನೋಡ್ಬಾರ್ದಿತ್ತಾ?"

"ಅವರ ಹೆಸರಿಗಿತ್ತು."

"ಅವರು ಇಲ್ವಲ್ಲಮ್ಮಾ!"

ಕಾಗದದಲ್ಲಿ ಏನಿದೆ ಎಂದು ಅವಳೇ ಓದಿ ಹೇಳಿದಳು. ವ್ಯಾನಿನ ಒಡೆಯರು, ತಮಗೆ ಓಡಿಸುವವನ ವಿಷಯ ಗೊತ್ತಿರಲಿಲ್ಲ ಎಂದು ಇಂತಿಷ್ಟು ದಿನದೊಳಗೆ ಬರೆದು ಕೊಟ್ಟರೆ ನ್ಯಾಯಾಧೀಶರು ಕೇಳುತ್ತಾರೆ, ಇಲ್ಲದಿದ್ದರೆ ಇಲ್ಲ. ಇನ್ನು ಆರು ದಿನ ಉಳಿದಿತ್ತು. ಒಬ್ಬ ಲಾಯರಿಗೆ ಫೋನ್ ಮಾಡಿ ವಿಚಾರಿಸಿದಳು. ಆತ ಕೇಳಿದ ಫೀಸಿಗೆ ಅಂಥದ್ದೇ ಇನ್ನೊಂದು ವ್ಯಾನ್ ಬರುತ್ತಿತ್ತು.

ನಿಮ್ಮ ಅಪ್ಪ ಕ್ಯಾಂಟನ್ನಿನಿಂದ ಫೋನಿನಲ್ಲಿ ಹೇಳಿದ್ದು ಇಷ್ಟು. "ಅತ್ತೆ, ಒಂದು ಹಳೇ ವ್ಯಾನ್‌ಗೋಸ್ಕರ ಕೋರ್ಟು ಗೀರ್ಟು ಯಾಕೆ? ಸಿಟಿಜನ್‌ಶಿಪ್‌ಗೆ ಅಪ್ಲೈ ಮಾಡಿದೀನಿ, ಇಂಟರ್‌ವ್ಯೂ ಬರೋ ಟೈಮು. ನಮ್ಮ ಹೆಸರು ಎಲ್ಲೂ ಬರೋದು ಬೇಡ." ಅವರನ್ನು ತಪ್ಪು ತಿಳಿಯಬೇಡಿ. ಅವರು ಅಲ್ಲಿಯವರೆಗೆ ಹತ್ತು ವರ್ಷ ಕಾದಿದ್ದರು. ನಿಮ್ಮ ಅಮ್ಮ ಆ ಕಡೆಗೂ ಇಲ್ಲ, ಈ ಕಡೆಗೂ ಇಲ್ಲ ಎಂಬಂತೆ ಅಡುಗೆಮನೆಯಲ್ಲಿ ನಿಂತು ಅತ್ತಳು. ಹೋಗಲಿ ಬಿಡು, ವ್ಯಾನ್ ಬೇಡ ಎಂದು ನಾನೇ ಹೇಳಿ ಅವಳನ್ನು ಕಳಿಸಿದೆ.

ಬಿಜಾಪುರದ ತಂಗಿಗೆ ಮಾತ್ರ ಹಾಗೆ ಹೇಳಲು ಆಗಲಿಲ್ಲ. ಅವರು ಕಾಗದಗಳನ್ನು ಕಿತ್ತುಕೊಂಡು ಓದಿದರು.

"ಹಂಗಂದ್ರ ಹೆಂಗ್ರಿ ಅಕ್ಕಾರ? ಕಳವ ಮಾಡಿದ್ದಲ್ಲ, ಸುಲಿಗಿ ಮಾಡಿದ್ದಲ್ಲ. ನಿಮ್ಮ ಯಜಮಾನ್ರು ಬೆವರ ಸುರಿಸಿ ತಗೊಂಡ ಗಾಡಿ. ನಾ ತುಂಬತೀನಿ ಫಾರಮ್ಮು. ನೀವ ಸಹಿ ಅಷ್ಟ ಮಾಡ್ರಿ."

ಗಾಡಿಯ ಒಡೆಯರು ಎಂಬಲ್ಲಿ ನಿಮ್ಮ ತಾತನ ಹೆಸರನ್ನೇ ಬರೆದು ಅವರೇ ತುಂಬಿದರು. ನಾನು ಕನ್ನಡದಲ್ಲಿ ಸಹಿ ಮಾಡಿದೆ. ಕೊನೆಯ ದಿನಕ್ಕೆ ಮುಂಚೆ ಕೊಟ್ಟುಬಂದೆವು. ಆಗಸ್ಟಿನಲ್ಲಿ ಕೋರ್ಟಿಗೆ ಬನ್ನಿ ಎಂದು ಕಾಗದ ಬಂತು.

ಅವತ್ತು ನಾನು ಒಳ್ಳೆಯ ಸೀರೆ ಉಟ್ಟುಕೊಂಡು ಹೋದೆ. ಕೋರ್ಟಿನ ಹಾಲಿನಲ್ಲಿ ಚರ್ಚಿನಲ್ಲಿರುವಂಥ ಉದ್ದ ಬೆಂಚುಗಳು. ಬೆಳಗಿನಿಂದ ಕೂತಿದ್ದೆವು. ನಮ್ಮಂಥವರೇ ತುಂಬ ಜನ. ಒಬ್ಬ ಮುದುಕ ಮಗನ ದೆಸೆಯಿಂದ ಟ್ರಕ್ಕು ಕಳೆದುಕೊಂಡಿದ್ದ. ಕಾರಿಲ್ಲದೆ ಕೆಲಸ ಹೋಯಿತು ಎಂದು ಒಬ್ಬ ಹೆಂಗಸು ಮಗುವನ್ನು ಸೊಂಟದ ಮೇಲಿಟ್ಟುಕೊಂಡು ನಿಂತೇ ಇದ್ದಳು. ಮೊಕದ್ದಮೆಗಳನ್ನು ಕೂಗುವ ರೀತಿ ತಂಗಿ ನನಗೆ ಬಿಡಿಸಿ ಹೇಳಿದರು. ಮನುಷ್ಯರ ಮೇಲಲ್ಲವಂತೆ, ಗಾಡಿಯ ಮೇಲೆಯೇ ಮೊಕದ್ದಮೆ. ರಾಜ್ಯದ ಜನರೆಲ್ಲ ಒಂದು ಕಡೆ, ನಮ್ಮ ವ್ಯಾನು ಇನ್ನೊಂದು ಕಡೆ.

ಹನ್ನೊಂದೂವರೆಗೆ ತಂಗಿ, "ಪಾರ್ಕಿಂಗ್ ಮೀಟರಿಗೆ ರೊಕ್ಕಾ ಹಾಕಿ ಬರ್ತೀನ್ರಿ, ಇಲ್ಲಾಂದ್ರ ನನ್ನ ಗಾಡೀನೂ ಒಯ್ತಾರ" ಎಂದು ನಗುತ್ತ ಹೋದರು.

ಅವರು ಹೋದ ಐದು ನಿಮಿಷಕ್ಕೆ ವ್ಯಾನಿನ ನಂಬರನ್ನು ಕೂಗಿದರು. ಆಮೇಲೆ ನಿಮ್ಮ ತಾತನ ಹೆಸರನ್ನು ಕೂಗಿದರು. ಉಚ್ಚಾರ ಸರಿಯಿರಲಿಲ್ಲ, ಆದರೆ ನನಗೆ ಸ್ಪಷ್ಟವಾಗಿ ತಿಳಿಯಿತು. ಅವರು ಹೋದಮೇಲೆ ಅಷ್ಟು ಜೋರಾಗಿ ಆ ಹೆಸರನ್ನು ಯಾರೂ ಕರೆದಿರಲಿಲ್ಲ. ಎರಡನೆಯ ಸಲ ಕೂಗಿದರು. ಮೂರನೆಯ ಸಲ ಕೂಗಿದರು. ನಾನು ಕೂತೇ ಇದ್ದೆ.

ನಮ್ಮಲ್ಲಿ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ಮದುವೆಯ ದಿನ ಒಗಟಿನಲ್ಲಿ ಸೇರಿಸಿ ಒಂದು ಸಲ ಹೇಳಿಸುತ್ತಾರೆ, ಅಷ್ಟೇ. ಊರಲ್ಲಿ ಜನಗಣತಿಯವರು ಬಂದರೆ ಪಕ್ಕದ ಮನೆಯವರನ್ನು ಕರೆದು ಹೇಳಿಸುತ್ತಿದ್ದೆವು. ಇಲ್ಲಿ ಆಸ್ಪತ್ರೆಯಲ್ಲಿ ಕೇಳಿದಾಗ ಚೀಟಿಯಲ್ಲಿ ಬರೆದು ತೋರಿಸಿದ್ದೆ. ಇದೆಲ್ಲ ಹಳೆಯ ಕಾಲದ್ದು ಎಂದು ನನಗೂ ಗೊತ್ತು, ನಿಮ್ಮ ಅಮ್ಮ ನಿಮ್ಮ ಅಪ್ಪನನ್ನು ಹೆಸರು ಹಿಡಿದೇ ಕೂಗುತ್ತಾಳೆ, ಅದರಿಂದ ಏನೂ ಕೆಡಲಿಲ್ಲ. ಆದರೆ ಅವತ್ತು ಆ ಹಾಲಿನಲ್ಲಿ ಕರೆದದ್ದು ಅವರನ್ನು, ನನ್ನನ್ನಲ್ಲ. ನಾನು ಎದ್ದರೆ, ಅವರ ಹೆಸರಿಗೆ ನಾನು ಓಗೊಟ್ಟ ಹಾಗೆ. ಇಲ್ಲದವರ ಹೆಸರಿಗೆ ನಾನೇ ಅವರು ಎಂದು ನಿಂತರೆ ಕೋರ್ಟಿನಲ್ಲಿ ಸುಳ್ಳು ಹೇಳಿದ ಹಾಗಾಗುವುದಿಲ್ಲವೇ ಎಂದೂ ಅನ್ನಿಸಿತು. ಅವರ ಹೆಂಡತಿ ಬಂದಿದ್ದಾರೆಯೇ ಎಂದು ಕೇಳುತ್ತಾರೆ, ಆಗ ಏಳೋಣ ಎಂದು ಕಾದೆ. ಹಾಗೆ ಯಾರೂ ಕೇಳಲಿಲ್ಲ. ಸುಮ್ಮನೆ ಕೈ ಎತ್ತಬಹುದಿತ್ತಲ್ಲ ಅಜ್ಜಿ ಎನ್ನುತ್ತೀರಿ. ಎತ್ತಬಹುದಿತ್ತು. ಕೈಗಳು ಸೆರಗಿನೊಳಗೆ ಇದ್ದವು.

ನ್ಯಾಯಾಧೀಶರು ಏನೋ ಬರೆದರು. ಮುಂದಿನ ನಂಬರ್ ಕೂಗಿದರು.

ತಂಗಿ ವಾಪಸು ಬಂದು, "ಕೂಗಿದ್ರೇನ್ರಿ?" ಎಂದರು.

"ಕೂಗಿದ್ರು."

"ನೀವೇನ್ ಅಂದ್ರಿ?"

"ಏನೂ ಅನ್ಲಿಲ್ಲ."

ಅವರು ನನ್ನ ಮುಖವನ್ನೇ ನೋಡಿದರು. ಬೈಯುತ್ತಾರೆ ಎಂದುಕೊಂಡೆ. "ಯಾ ಅಲ್ಲಾ, ನಂದ ತಪ್ಪ. ಇಪ್ಪತ್ತೈದ ಸೆಂಟಿಗೆ ಹೋದೆ ನಾ" ಎಂದು ಹಣೆ ಬಡಿದುಕೊಂಡರು. ಗುಮಾಸ್ತರ ಹತ್ತಿರ ಓಡಿದರು. ಯಾರೂ ಹಾಜರಾಗದ ಕಾರಣ ವ್ಯಾನು ಸರ್ಕಾರದ್ದು ಎಂದು ಬರೆದಾಗಿತ್ತು.

ಹೊರಗೆ ಓಣಿಯಲ್ಲಿ ಪುಕ್ಕಟೆ ಸಲಹೆ ಎಂದು ಬೋರ್ಡು ಇಟ್ಟುಕೊಂಡು ಚಿಕ್ಕ ವಯಸ್ಸಿನ ಒಬ್ಬ ಲಾಯರಮ್ಮ ಕೂತಿದ್ದಳು. ತಂಗಿ ನನ್ನನ್ನು ಎಳೆದುಕೊಂಡು ಹೋಗಿ ಅವಳ ಮುಂದೆ ಕೂರಿಸಿದರು. ನೀವು ಒಳಗೇ ಇದ್ದು ಯಾಕೆ ಏಳಲಿಲ್ಲ ಎಂದು ಅವಳು ಕೇಳಿದಳು. ತಂಗಿ ಇಂಗ್ಲಿಷಿನಲ್ಲಿ ವಿವರಿಸಿದರು. ಅವಳು ನಗಲಿಲ್ಲ. ಒಂದೊಂದನ್ನೂ ಬರೆದುಕೊಂಡಳು. ತೀರ್ಪನ್ನು ಮತ್ತೆ ತೆರೆಯಲು ಅರ್ಜಿ ಹಾಕಬಹುದು, ಆದರೆ ಕಾರಣ ಹೇಳಬೇಕು, ಕಾರಣವೆಂದರೆ ಇದೇ ಎಂದಳು. ಬೇರೆ ಏನಾದರೂ ಬರೆಯಲು ಆಗುವುದಿಲ್ಲವೇ ಎಂದು ನಾನು ತಂಗಿಯ ಕೈಯಲ್ಲಿ ಕೇಳಿಸಿದೆ. ಹೊಟ್ಟೆ ನೋವು ಅಂತ? ಆಗುವುದಿಲ್ಲ ಎಂದಳು.

ಅಕ್ಟೋಬರಿನಲ್ಲಿ ಅದೇ ಹಾಲಿನಲ್ಲಿ ಅವಳು ಬರೆದುಕೊಟ್ಟ ಅರ್ಜಿಯನ್ನು ಗಟ್ಟಿಯಾಗಿ ಓದಿದರು. ಈ ಹೆಂಗಸಿನ ಪದ್ಧತಿಯಲ್ಲಿ ಹೆಂಡತಿ ಗಂಡನ ಹೆಸರನ್ನು ಉಚ್ಚರಿಸುವುದಿಲ್ಲ ಎಂದು. ಬೆಂಚುಗಳಲ್ಲಿದ್ದವರೆಲ್ಲ ತಿರುಗಿ ನನ್ನನ್ನು ನೋಡಿದರು. ಕೂದಲು ನೆರೆತ ನ್ಯಾಯಾಧೀಶರು ಕನ್ನಡಕ ತೆಗೆದು, ಮೆಲ್ಲಗೆ, ದಾಖಲೆಗಾಗಿ ವ್ಯಾನಿನ ಒಡೆಯರು ಯಾರು ಎಂದು ನಿಮ್ಮ ಬಾಯಿಂದಲೇ ಹೇಳಬಲ್ಲಿರಾ ಎಂದರು. ತಂಗಿ ಬಗ್ಗಿ, "ಒಂದ ಸಲ ಅಕ್ಕಾರ, ಕಣ್ಣ ಮುಚ್ಚಿ ಅಂದಬಿಡ್ರಿ" ಎಂದರು.

ಹೇಳಿದೆ. ಕೇಳಿಸಲಿಲ್ಲ ಎಂದರು. ಮತ್ತೊಮ್ಮೆ ಹೇಳಿದೆ.

ವ್ಯಾನು ನನ್ನದು ಎಂದು ತೀರ್ಪಾಯಿತು. ಲಾಯರಮ್ಮ ನನ್ನ ಕೈ ಕುಲುಕಿದಳು. ತಂಗಿ ಮೆಟ್ಟಿಲ ಮೇಲೆಯೇ ಗಂಡನಿಗೆ ಫೋನ್ ಮಾಡಿ, "ಗೆದ್ವಿ ನೋಡ್ರಿ, ಗೆದ್ವಿ" ಎಂದು ಕೂಗಿದರು. ನನಗೂ ಒಂದು ಗಳಿಗೆ ಹಾಗೆಯೇ ಅನ್ನಿಸಿತು. ವ್ಯಾನ್ ಓಡಿಸಲು ಯಾರಾದರೂ ಸಿಗುತ್ತಾರೆ, ನಾಳೆಯಿಂದ ಐದು ಗಂಟೆಗೆ ಎದ್ದರೆ ಸಾಕು ಎಂದುಕೊಂಡೆ.

ಅಲ್ಲಿಂದ ನೇರವಾಗಿ ಗಾಡಿಗಳನ್ನು ಇಟ್ಟಿದ್ದ ಅಂಗಳಕ್ಕೆ ಹೋದೆವು, ಅದು ಊರ ಹೊರಗೆ, ರೈಲು ಹಳಿಯ ಪಕ್ಕದಲ್ಲಿತ್ತು. ಕಿಟಕಿಯ ಹಿಂದೆ ಕೂತಿದ್ದವನು ಕೋರ್ಟಿನ ಕಾಗದ ನೋಡಿ ತಲೆಯಾಡಿಸಿ, ಇನ್ನೊಂದು ಕಾಗದ ಕೊಟ್ಟ. ಮಾರ್ಚಿನಿಂದ ಅಕ್ಟೋಬರಿನವರೆಗೆ ದಿನಕ್ಕೆ ಇಷ್ಟು ಎಂದು ಅಂಗಳದ ಬಾಡಿಗೆ, ಎಳೆದು ತಂದ ಖರ್ಚು ಬೇರೆ. ಕೋರ್ಟಿನ ತೀರ್ಪಿಗೂ ನಮಗೂ ಸಂಬಂಧವಿಲ್ಲ, ಜಾಗ ನಮ್ಮದು ಎಂದ. ಆ ಮೊತ್ತ ವ್ಯಾನಿನ ಬೆಲೆಗಿಂತ ಹೆಚ್ಚಾಗಿತ್ತು. ತಂಗಿ ಅವನ ಜೊತೆ ಅರ್ಧ ಗಂಟೆ ಜಗಳವಾಡಿದರು. ನಾನು ಬೇಲಿಯ ಹತ್ತಿರ ನಿಂತಿದ್ದೆ. ಎರಡು ಸಾಲು ಆಚೆ ವ್ಯಾನ್ ಕಾಣುತ್ತಿತ್ತು. ಒಂದು ಟಯರು ಕುಗ್ಗಿತ್ತು. ಗಾಜಿನ ಮೇಲೆ ಹಸಿರು ಬಣ್ಣದಲ್ಲಿ ದೊಡ್ಡದಾಗಿ ನಂಬರ್ ಬರೆದಿದ್ದರು.

ಬಾಡಿಗೆ ಕಟ್ಟಲು ಆಗದಿದ್ದರೆ ವ್ಯಾನನ್ನು ಅವರಿಗೇ ಬರೆದುಕೊಡಬಹುದು, ಆಗ ಏನೂ ಕೊಡಬೇಕಾಗಿಲ್ಲ ಎಂದ. ಕಾಗದವನ್ನು ಕಿಟಕಿಯಿಂದ ತಳ್ಳಿದ.

"ಬ್ಯಾಡ್ರಿ ಅಕ್ಕಾರ, ನಾವು ನಾಕ ಮಂದಿ ಸೇರಿ ಕೊಡೂಣು. ನಾ ಕೇಳ್ತೀನಿ ಎಲ್ಲಾರ್ನೂ."

"ಯಾರನ್ನ ಕೇಳ್ತೀರ?"

ಎಷ್ಟು ಮನೆ ಉಳಿದಿವೆ ಎಂದು ನನಗಿಂತ ಚೆನ್ನಾಗಿ ಅವರಿಗೇ ಗೊತ್ತಿತ್ತು. ಎರಡು. ನಾನು ಸಹಿ ಮಾಡಿದೆ.

ವಾಪಸು ಬರುವಾಗ ಕಾರಿನಲ್ಲಿ ಅವರು ಹೇಳಿದರು. "ಹೋಗ್ಲಿ ಬಿಡ್ರಿ. ವ್ಯಾನ್ ಇಲ್ಲಾಂದ್ರ ಏನಾತು, ನನ್ನ ಗಾಡಿ ಐತಿ. ಹತ್ತರ ತನಕಾ ನಾ ನಿಮ್ಮಾಕಿ. ಮಂದಿ ಆರ ತಿಂಗಳದಾಗ ಮರೀತಾರ. ಮತ್ತ ಒಂಬತ್ತ ಮನಿ ಆಗ್ತಾವ, ನೋಡ್ತಿರ್ರಿ."

ಅವರು ಹೇಳಿದ್ದು ನಿಜವೇ. ಆಗುತ್ತಿತ್ತು. ಮುಂದಿನ ಬೇಸಿಗೆಗೆ ಹೊಸಬರು ಬರುತ್ತಿದ್ದರು, ಅವರಿಗೆ ಹಳೆಯ ಸುದ್ದಿ ಗೊತ್ತಿರುತ್ತಿರಲಿಲ್ಲ. ತಂಗಿ ನಿಜವಾಗಿಯೂ ಕರೆದೊಯ್ಯುತ್ತಿದ್ದರು. ನಾನೇ, "ಬೇಡ ತಂಗಿ, ಸಾಕು" ಎಂದೆ. ಅವರು ಕಾರನ್ನು ರಸ್ತೆಯ ಬದಿಗೆ ನಿಲ್ಲಿಸಿ, "ಸಾಕಂದ್ರ?" ಎಂದರು. ಮೂರೂವರೆಗೆ ಏಳುವುದು ಸಾಕಾಗಿತ್ತು. ಕ್ಯಾರಿಯರ್ ಹಿಡಿದು ಗೇಟಿನಲ್ಲಿ ನಿಲ್ಲುವುದು ಸಾಕಾಗಿತ್ತು. ಬಾಗಿಲು ತೆರೆದವರ ಮುಖದಲ್ಲಿ ಇವಳಿಗೆ ಸುದ್ದಿ ಗೊತ್ತೋ ಇಲ್ಲವೋ ಎಂದು ಹುಡುಕುವುದು ಸಾಕಾಗಿತ್ತು. ಹೇಳಬಾರದ ಹೆಸರನ್ನು ಎರಡೆರಡು ಸಲ ಹೇಳಿ ಪಡೆದದ್ದನ್ನು ಅದೇ ದಿನ ಬರೆದುಕೊಟ್ಟು ಬಂದಿದ್ದೆ. ಅದಾದಮೇಲೆ ಮಾರನೆಯ ದಿನ ಬೆಳ್ಳುಳ್ಳಿ ಸುಲಿಯಲು ಕೂತರೆ ಕೈ ಓಡಲಿಲ್ಲ.

ಉಳಿದ ಎರಡು ಮನೆಯವರದ್ದು ಡಿಸೆಂಬರಿಗೆ ಮುಗಿಯಿತು. ಅಂಟಿನುಂಡೆ ಕಟ್ಟಿಕೊಟ್ಟೆ. ನಿಮ್ಮ ಅಮ್ಮ ಮಾರ್ಚಿನಲ್ಲಿ ಬಂದು ಸಾಮಾನು ತುಂಬಿಕೊಂಡು ನನ್ನನ್ನು ಕರೆತಂದಳು. ಮೈದುನನಿಗೆ ಹೋಗುವ ವಿಷಯ ಹೇಳಿಕಳಿಸಿದೆ, ಅವನು ಬರಲಿಲ್ಲ. ಅವನ ಮೇಲೆ ನನಗೆ ಸಿಟ್ಟಿಲ್ಲ ಎಂದು ಅವನಿಗೆ ಇನ್ನೂ ಗೊತ್ತಿಲ್ಲ. ನೀವು ದೊಡ್ಡವರಾದಮೇಲೆ ಎಲ್ಲಾದರೂ ಸಿಕ್ಕರೆ ಹೇಳಿ.

ಹೋದ ವಾರ ಇಲ್ಲಿಯ ಇಂಡಿಯನ್ ಅಂಗಡಿಯಲ್ಲಿ ನಿಮ್ಮ ಅಮ್ಮನಿಗೆ ಪರಿಚಯದ ಒಬ್ಬ ಹುಡುಗಿ ನನ್ನನ್ನು ಹಿಡಿದಳು. ಏಳು ತಿಂಗಳು ತುಂಬಿತ್ತು.

"ಆಂಟಿ, ನೀವು ಚಿಕಾಗೋದಲ್ಲಿ ಬಾಣಂತಿ ಊಟ ಕೊಡ್ತಿದ್ರಂತಲ್ಲ? ನಮ್ಮಮ್ಮಂಗೆ ವೀಸಾ ಡೇಟೇ ಸಿಗ್ತಿಲ್ಲ. ನಂಗೆ ಒಬ್ಬಳಿಗಾದ್ರೂ ಮಾಡಿಕೊಡ್ತೀರಾ? ನಮ್ಮನೆ ಇಲ್ಲೇ, ಎರಡೇ ಮೈಲಿ."

ನಾನು ಅವಳ ಬುಟ್ಟಿಯಲ್ಲಿದ್ದ ಸಬ್ಬಸಿಗೆ ಸೊಪ್ಪಿನ ಕಟ್ಟನ್ನೇ ನೋಡುತ್ತಿದ್ದೆ. ಸೊಪ್ಪು ಬಲಿತಿತ್ತು.

"ವ್ಯಾನ್ ಇಲ್ಲ ಕಣಮ್ಮ," ಎಂದೆ. "ಪೊಲೀಸ್ನೋರು ತಗೊಂಡ್ಬಿಟ್ರು."

"ಅಯ್ಯೋ ಪಾಪ ಆಂಟಿ" ಎಂದಳು. ಎಲ್ಲರೂ ಹಾಗೇ ಎನ್ನುತ್ತಾರೆ, ಆಮೇಲೆ ಇನ್ನೇನೂ ಕೇಳುವುದಿಲ್ಲ. ಎರಡು ಮೈಲಿಗೆ ವ್ಯಾನ್ ಯಾಕೆ ಎಂದು ಅವಳೂ ಕೇಳಲಿಲ್ಲ.